ಕೆಟ್ಟ ನಿಮಿಷದ ಪರೀಕ್ಷೆ

ಕುಂಚಾವರಂ ಕಾಡು ದಾಟಿ ಸೇಡಂ ಕಡೆಗೆ ಬಂದರೆ ಸುಣ್ಣದಕಲ್ಲಿನ ಸೀಮೆ. ಸೇಡಂ, ಮಳಖೇಡ, ಛತ್ರಸಾಲ, ಚಿತ್ತಾಪುರದ ಇಟಗಾ, ವಾಡಿ ಎಲ್ಲವೂ ಇಂದು ಸಿಮೆಂಟ್ ಕಾರ್ಖಾನೆಯ ಊರುಗಳು. ಇಲ್ಲಿನ ಗಣಿ, ಚಿಮಣಿ, ಲಾರಿಗಳ ಬಗ್ಗೆ ಬೇಕಾದಷ್ಟು ಮಾತಾಗಿದೆ. ಇಂಥ ಕಾರ್ಖಾನೆಗಳನ್ನು ಹಗಲುರಾತ್ರಿ ನಡೆಸುವ ಸಾಫ್ಟ್‌ವೇರಿನ ರಚನೆಯನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಎತ್ತಿಕೊಳ್ಳಬೇಕು. ಆ ರಚನೆಯ ಒಂದೊಂದು ತೀರ್ಮಾನವೂ ಕೊನೆಗೆ ಕಾರ್ಮಿಕನ ಮೈಗೋ ಪಕ್ಕದ ಹೊಲದ ತೊಗರಿಗೋ ಬಂದು ತಟ್ಟುತ್ತದೆ.

ಈ ರಚನೆ ಪದರ ಪದರವಾಗಿದೆ. ಕೆಳಗೆ ಸೆನ್ಸರ್, ಮೋಟಾರ್, ಡ್ಯಾಂಪರ್. ಅವುಗಳ ಮೇಲೆ ಪಿಎಲ್‌ಸಿ: ಸೆಕೆಂಡಿನ ಸಣ್ಣ ಭಾಗದಲ್ಲಿ ಸೆನ್ಸರ್ ಓದಿ, ಲೆಕ್ಕ ಮಾಡಿ, ಆಜ್ಞೆ ಕೊಟ್ಟು, ಮತ್ತೆ ಮೊದಲಿನಿಂದ ಶುರು ಮಾಡುವ ಕಂಪ್ಯೂಟರ್. ಅದರ ಮೇಲೆ ಕಂಟ್ರೋಲ್ ರೂಮಿನ ಪರದೆಗಳು. ತುದಿಯಲ್ಲಿ ದಾಖಲೆಯ ಸರ್ವರ್, ಆಫೀಸಿನ ವರದಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗುವ ಅಂಕಿ. ಇಂಥ ವ್ಯವಸ್ಥೆ ವೇಗವಾಗಿದ್ದರಷ್ಟೇ ಸಾಲದು. ಉತ್ತರ ಪ್ರತಿ ಸಲವೂ ಗಡುವಿನೊಳಗೆ ಬರಬೇಕು. ಸಾವಿರ ಸಲ ಬೇಗ ಬಂದು ಒಂದು ಸಲ ತಡವಾದರೆ ಅನಾಹುತವಾಗುವುದು ಆ ಒಂದು ಸಲ. ಆದ್ದರಿಂದ ಇದನ್ನು ಅಳೆಯಬೇಕಾದದ್ದು ಅದರ ಅತಿ ಕೆಟ್ಟ ನಿಮಿಷದಿಂದ.

ಆ ಪರೀಕ್ಷೆಯಲ್ಲಿ ಕೆಳಗಿನ ಪದರ ಗೆಲ್ಲುತ್ತದೆ. ಕಿಲ್ನ್ ಎಂಬ ತಿರುಗುವ ಕುಲುಮೆಯೊಳಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಣ್ಣದಕಲ್ಲು, ಅರೆದರೆ ಸಿಮೆಂಟಾಗುವ ಕ್ಲಿಂಕರ್ ಆಗುತ್ತದೆ. ಅಷ್ಟು ಕಾದ ಕಿಲ್ನ್ ತಿರುಗದೆ ನಿಂತುಬಿಟ್ಟರೆ ಅದರ ಉಕ್ಕಿನ ಕವಚವೇ ಬಾಗುತ್ತದೆ. ಹಾಗಾಗಿ ಮುಖ್ಯ ಮೋಟಾರ್ ಕೈಕೊಟ್ಟರೆ ನಿಧಾನವಾಗಿ ತಿರುಗಿಸಲು ಬೇರೆಯೇ ಡ್ರೈವ್ ಇರುತ್ತದೆ. ಅಪಾಯ ಕಂಡಾಗ ತಾನಾಗಿಯೇ ಇಂಧನ ನಿಲ್ಲಿಸುವ ಇಂಟರ್‌ಲಾಕ್ ಕೂಡ ಮೇಲಿನ ಸರ್ವರಿನ ಅಪ್ಪಣೆಗೆ ಕಾಯುವುದಿಲ್ಲ. ಆಫೀಸಿನ ನೆಟ್‌ವರ್ಕ್ ಸತ್ತರೂ ಯಂತ್ರದ ಪಕ್ಕದ ಪಿಎಲ್‌ಸಿ ತನ್ನ ಕೆಲಸ ಮಾಡುತ್ತದೆ. ಎಲ್ಲವನ್ನೂ ಕ್ಲೌಡಿಗೆ ಏರಿಸುವ ಉತ್ಸಾಹದ ಈ ದಿನಗಳಲ್ಲಿ ಈ ಶಿಸ್ತನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬಾರದು.

ನಡುವಿನ ಪದರದಲ್ಲಿ ನನ್ನ ತಕರಾರು ಶುರುವಾಗುತ್ತದೆ. ಸಾಫ್ಟ್‌ವೇರಿನಲ್ಲಿ ಅಲಾರಂ ಸೇರಿಸಲು ಖರ್ಚೇ ಇಲ್ಲ, ಆದ್ದರಿಂದ ಎಲ್ಲದಕ್ಕೂ ಅಲಾರಂ. 1994ರ ಜುಲೈನಲ್ಲಿ ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂ ಬಂದವು. ಎಲ್ಲವನ್ನೂ ಹೇಳಿದ ವ್ಯವಸ್ಥೆ ಮುಖ್ಯವಾದದ್ದನ್ನು ಹೇಳಲಿಲ್ಲ. ಆ ಬಳಿಕ ರೂಪುಗೊಂಡ ಮಾರ್ಗಸೂಚಿಯ ಪ್ರಕಾರ, ಸಾಮಾನ್ಯ ಹೊತ್ತಿನಲ್ಲಿ ಒಬ್ಬ ಆಪರೇಟರಿಗೆ 10 ನಿಮಿಷಕ್ಕೆ ಒಂದು ಅಲಾರಂ ಸಾಕು. ಒಂದು ಫ್ಯಾನ್ ನಿಂತಾಗ ಅದರ ಹಿಂದೆಯೇ ಸಾಲಾಗಿ ಬರುವ ಅಲಾರಂಗಳಲ್ಲಿ ಮೂಲ ಯಾವುದು, ಪರಿಣಾಮ ಯಾವುದು ಎಂದು ಬೇರ್ಪಡಿಸಿ ಕೊಡುವುದು ಸಾಫ್ಟ್‌ವೇರಿನ ಹೊಣೆ. ರಾತ್ರಿ ಪಾಳಿಯವನ ಚುರುಕುತನದ ಮೇಲೆ ಅದನ್ನು ಹೊರಿಸುವುದು ಅನ್ಯಾಯ.

ಮೇಲಿನ ಪದರದ ಕೊರತೆ ಇನ್ನೂ ಗಂಭೀರ. ಅದು ಕಾಣಬೇಕಾದರೆ ಮೊದಲು ಕೆಳಗೆ ನಡೆಯುವ ಒಂದು ಸಂಗತಿಯನ್ನು ನೋಡಬೇಕು. ಇಎಸ್‌ಪಿ ಎಂಬ ಯಂತ್ರ ಹೆಚ್ಚು ವೋಲ್ಟೇಜಿನ ವಿದ್ಯುತ್ತಿನಿಂದ ಹೊಗೆಯ ಧೂಳನ್ನು ಹಿಡಿಯುತ್ತದೆ. ಕಲ್ಲಿದ್ದಲು ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಮಿತಿ ಮೀರಿದರೆ ಅದರೊಳಗಿನ ಒಂದು ಕಿಡಿ ಸ್ಫೋಟಕ್ಕೆ ಸಾಕು. ಹಾಗಾಗಿ ಇಂಟರ್‌ಲಾಕ್ ಇಎಸ್‌ಪಿಯನ್ನೇ ಟ್ರಿಪ್ ಮಾಡುತ್ತದೆ, ಅಂದರೆ ತಟ್ಟನೆ ನಿಲ್ಲಿಸುತ್ತದೆ. ಜೀವ ಉಳಿಸುವ ತೀರ್ಮಾನ ಅದು, ಪ್ರಶ್ನೆಯಿಲ್ಲ. ಆದರೆ ಆ ನಿಮಿಷಗಳಲ್ಲಿ ಧೂಳು ನೇರವಾಗಿ ಚಿಮಣಿಯಿಂದ ಹೊರಬೀಳುತ್ತದೆ. ಕಾರ್ಬನ್ ಮೊನಾಕ್ಸೈಡಿನ ಅಳತೆಯೂ ತಡ: ಅನಿಲವನ್ನು ಕೊಳವೆಯಲ್ಲಿ ಎಳೆದು, ಶುದ್ಧಮಾಡಿ, ಅಳೆಯುವಷ್ಟರಲ್ಲಿ ಹೊತ್ತು ಹೋಗಿರುತ್ತದೆ. ಆ ತಡವನ್ನು ತುಂಬಿಕೊಳ್ಳಲು ಟ್ರಿಪ್ ಮಿತಿಯನ್ನು ಕೆಳಗಿಟ್ಟರೆ ಟ್ರಿಪ್‌ಗಳ ಸಂಖ್ಯೆ ಏರುತ್ತದೆ. ಅಳತೆಯನ್ನೇ ಚುರುಕುಗೊಳಿಸಿ, ಉರಿಯನ್ನು ಮೊದಲೇ ತಿದ್ದುವುದು ಒಳ್ಳೆಯ ರಚನೆ. ಇಎಸ್‌ಪಿ ಇರುವಲ್ಲಿ ಇಂಥ ಟ್ರಿಪ್‌ಗಳ ಒಟ್ಟು ಅವಧಿ ವರ್ಷಕ್ಕೆ 30 ನಿಮಿಷದೊಳಗಿರಬೇಕು ಎನ್ನುತ್ತದೆ ಯುರೋಪಿನ ಮಾನದಂಡ.

ನಮ್ಮಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಸಿಮೆಂಟ್ ಸೇರಿದಂತೆ 17 ಬಗೆಯ ಉದ್ಯಮಗಳಿಗೆ ನಿರಂತರ ಆನ್‌ಲೈನ್ ಮಾಪನವನ್ನು ವಿಧಿಸಿತು. ದೊಡ್ಡ ಹೆಜ್ಜೆಯೇ ಅದು. ಆದರೆ ಅಳತೆಯನ್ನು ಸರಾಸರಿಯಾಗಿ ನೋಡಿದಾಗ ಕೆಟ್ಟ ನಿಮಿಷ ಕರಗಿಹೋಗುತ್ತದೆ. ಲೆಕ್ಕ ಹಾಕಿ ನೋಡಿ: 58 ನಿಮಿಷ ಘನಮೀಟರಿಗೆ 20 ಮಿಲಿಗ್ರಾಂ ಧೂಳು, 2 ನಿಮಿಷ 200 ಮಿಲಿಗ್ರಾಂ. ಗಂಟೆಯ ಸರಾಸರಿ 26. ಮಿತಿ 30 ಇರುವಲ್ಲಿ ಕಾರ್ಖಾನೆ ಪಾಸು. ಅಂಗಳದಲ್ಲಿ ಬಟ್ಟೆ ಒಣಹಾಕಿದವಳ ಕಣ್ಣಿಗೆ ಬಿದ್ದದ್ದು ಮಾತ್ರ ಆ ಎರಡು ನಿಮಿಷ. ಅವಳ ದೂರು ಸುಳ್ಳಲ್ಲ, ಸರ್ವರಿನ ಅಂಕಿಯೂ ಸುಳ್ಳಲ್ಲ. ಅವೆರಡನ್ನೂ ಒಟ್ಟಿಗೆ ಇಟ್ಟು ನೋಡುವ ಜಾಗವೇ ರಚನೆಯಲ್ಲಿಲ್ಲ.

ಹಾಗೆ ನೋಡಲು ಹೊಸ ಯಂತ್ರವೇನೂ ಬೇಕಿಲ್ಲ. ಇಎಸ್‌ಪಿ ಯಾವಾಗ ನಿಂತಿತು, ಯಾವಾಗ ಮತ್ತೆ ಚಾಲೂ ಆಯಿತು, ಯಾಕೆ ನಿಂತಿತು ಎಂಬುದೆಲ್ಲ ಪಿಎಲ್‌ಸಿಗೆ ಗೊತ್ತು. ಆ ಮೂರನ್ನು ಸರಾಸರಿಯ ಜೊತೆಗೇ ಮಂಡಳಿಗೆ ಕಳಿಸಬೇಕು. ತಿಂಗಳಿಗೆ ಎಷ್ಟು ಟ್ರಿಪ್, ಎಷ್ಟು ನಿಮಿಷ ಎಂಬುದನ್ನು ಕಾರ್ಖಾನೆಯ ಗೇಟಿನಲ್ಲೂ ಗ್ರಾಮ ಪಂಚಾಯಿತಿಯಲ್ಲೂ ಕನ್ನಡದಲ್ಲಿ ಹಾಕಬೇಕು. ಯಂತ್ರವನ್ನು ಕಾಪಾಡುವುದರಲ್ಲಿ ಈ ರಚನೆ ಇಷ್ಟು ಪಳಗಿದೆ. ಅದೇ ನಿಷ್ಠುರತೆಯಿಂದ ಆಪರೇಟರನ್ನೂ ಊರನ್ನೂ ಕಾಪಾಡುವವರೆಗೆ ಅದು ಅರ್ಧ ಕಟ್ಟಿದ ರಚನೆಯೇ.