ಆಯ್ದಕ್ಕಿ ಲಕ್ಕಮ್ಮನ ವಚನಗಳಲ್ಲಿ ಸಮತೆಯ ವಿಚಾರ

ಬೆಂಗಳೂರು-ಹೈದರಾಬಾದು ಹೆದ್ದಾರಿಯಿಂದ ಲೇಪಾಕ್ಷಿಗೆ ಹೋಗುವವರು ಕೊಡಿಕೊಂಡದಲ್ಲಿ ಹೊರಳುತ್ತಾರೆ. ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ 16ನೆಯ ಶತಮಾನದ, ವಿಜಯನಗರದ ಅಚ್ಯುತದೇವರಾಯನ ಕಾಲದ ಕನ್ನಡ ಶಾಸನಗಳಿವೆ. ದೇವರ ಸೇವೆಗೆ ದತ್ತಿ ಬಿಟ್ಟವರ ಹೆಸರುಗಳು ಅವುಗಳಲ್ಲಿ ಉಳಿದಿವೆ. ಕೊಟ್ಟವನನ್ನು ಹೆಸರಿಸುವುದೇ ದತ್ತಿಶಾಸನದ ಧರ್ಮವಷ್ಟೆ. ನೈವೇದ್ಯದ ಅಕ್ಕಿಯನ್ನು ಕೇರಿದವಳ ಹೆಸರು ಕಲ್ಲನ್ನೇರುವುದು ವಿರಳ. ನಮ್ಮ ಸಾಹಿತ್ಯದಲ್ಲಿ ಅಂಥ ಹೆಸರೊಂದು ಉಳಿದುಬಂದಿರುವುದು ವಚನಗಳಿಂದ. ಆ ಹೆಸರೇ ಆಯ್ದಕ್ಕಿ ಲಕ್ಕಮ್ಮ.

ಕಥೆ ಎಲ್ಲ ಉಪಾಧ್ಯಾಯರಿಗೂ ತಿಳಿದದ್ದೇ. 12ನೆಯ ಶತಮಾನದಲ್ಲಿ ಲಕ್ಕಮ್ಮನೂ ಅವಳ ಪತಿ ಮಾರಯ್ಯನೂ ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದರು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಅದನ್ನು ಒಪ್ಪದೆ, ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು.

ಈ ಪ್ರಸಂಗವನ್ನು ಅಲ್ಪತೃಪ್ತಿಯ ನೀತಿಪಾಠವೆಂದು ಬೋಧಿಸುವುದು ವಾಡಿಕೆ. ಬಡವರು ಇದ್ದುದರಲ್ಲಿ ಸುಖವಾಗಿರಬೇಕೆಂಬುದೇ ಅದರ ತಾತ್ಪರ್ಯವೆಂದು ಮಕ್ಕಳು ಬರೆದುಕೊಳ್ಳುತ್ತಾರೆ. ನಮಗೆ ಈ ಅರ್ಥ ಸಮ್ಮತವಿಲ್ಲ. ಅವಳ ವಚನದ ಮಾತಿನ ಧಾಟಿಯನ್ನೇ ಪರೀಕ್ಷಿಸೋಣ. ಹೆಚ್ಚಿನ ಅಕ್ಕಿಗೆ ಕಾರಣ ಗಂಡನ ಮನಸ್ಸು ಎರಡಾದದ್ದೋ, ಬಸವಣ್ಣನ ಅನುಮಾನವೋ ಎಂದು ಅವಳು ಒಂದೇ ಉಸಿರಿನಲ್ಲಿ ಕೇಳುತ್ತಾಳೆ. ಪತಿಯೂ ಕಲ್ಯಾಣದ ಭಂಡಾರಿಯೂ ಒಂದೇ ಪ್ರಶ್ನೆಗೆ ಒಳಗಾಗುತ್ತಾರೆ. ಆಸೆ ಅರಸರಿಗೆ ಸಲ್ಲುವುದು, ಭಕ್ತರಿಗೆ ಸಲ್ಲದು ಎಂಬುದು ಅವಳ ಇನ್ನೊಂದು ವಚನದ ಅಭಿಪ್ರಾಯ. ಬಡವರನ್ನು ತೆಪ್ಪಗಿರಿಸುವ ಉಪದೇಶಕ್ಕೆ ಇಷ್ಟು ಧೈರ್ಯ ಬೇಕಿಲ್ಲ. ಕೈಚಾಚಿ ಹೆಚ್ಚಿಗೆ ಪಡೆದವನು ಕೊಟ್ಟವನ ಸಮಕ್ಕೆ ಕುಳಿತುಕೊಳ್ಳಲಾರ. ತನ್ನ ದುಡಿಮೆಯಷ್ಟನ್ನೇ ತಂದವನಿಗೆ ಮಹಾಮನೆಯ ಪಂಕ್ತಿಯಲ್ಲಿ ಯಾರ ಮುಂದೆಯೂ ತಲೆತಗ್ಗಿಸಬೇಕಾದ ಕಾರಣವಿಲ್ಲ. ಲಕ್ಕಮ್ಮ ಕಾಯುತ್ತಿರುವುದು ಆ ಸಮಸ್ಥಾನವನ್ನು.

ಸತಿಪತಿಭಾವದ ವಿಷಯದಲ್ಲೂ ಭಾಷೆಯ ಸೂಕ್ಷ್ಮವೊಂದು ಗಮನಾರ್ಹ. ಅಕ್ಕಿಯನ್ನು ಸುರಿದು ಬರಲು ಹೇಳುವ ವಚನದಲ್ಲಿ ಗಂಡನಿಗೆ ಸಲ್ಲುವ ಬಹುವಚನದ ಗೌರವವನ್ನು ಅವಳು ಬಿಡುವುದಿಲ್ಲ. ಆದರೆ ಆ ಗೌರವದ ಮಾತಿನಲ್ಲಿಯೇ ಆಜ್ಞೆಯಿದೆ, ಅವನು ಅದನ್ನು ನಡೆಸುತ್ತಾನೆ. ಕಟ್ಟಿಗೆ ಮಾರುತ್ತಿದ್ದ ಮೋಳಿಗೆಯ ಮಾರಯ್ಯನ ಪತ್ನಿ ಮಹಾದೇವಿಯೂ ಪತಿಗೆ ಅರಿವಿನ ಮಾತು ಹೇಳಿದವಳೇ. ಅವರಿಬ್ಬರೂ ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದವರೆಂಬ ಪ್ರತೀತಿಯಿದೆ. ಹೀಗೆ ಮೊದಲಿನಿಂದಲೂ ಬಡವಳಾದವಳು, ಸಿರಿಯನ್ನು ಬಿಟ್ಟು ಬಡವಳಾದವಳು, ಇಬ್ಬರೂ ಒಂದೇ ಸಮುದಾಯದಲ್ಲಿ ಮಾತಿನ ಅಧಿಕಾರ ಪಡೆದರು.

ಆದರೂ ವಿಮರ್ಶೆ ಕೇವಲ ಪ್ರಶಂಸೆಯಾಗಬಾರದು. ಮಾರಯ್ಯನ ಅಂಕಿತ 'ಅಮರೇಶ್ವರಲಿಂಗ'. ಲಕ್ಕಮ್ಮನದು 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ತಿದ್ದುವವಳೇ ಆದರೂ ದೇವರನ್ನು ಕರೆಯುವಾಗ ಅವಳು ಗಂಡನ ಹೆಸರನ್ನು ಮುಂದಿಟ್ಟುಕೊಳ್ಳುತ್ತಾಳೆ. ಅಂಗಳದಲ್ಲಿ ಅಕ್ಕಿ ಚೆಲ್ಲುವಷ್ಟು ಸಿರಿ ಒಂದು ಮನೆಯಲ್ಲಿ, ಅದನ್ನು ಆಯುವ ಕೈ ಇನ್ನೊಂದು ಮನೆಯಲ್ಲಿ ಎಂಬ ಭೇದವೂ ಹಾಗೆಯೇ ಉಳಿಯಿತು. ಶರಣರು ಆ ಭೇದವನ್ನು ಅಳಿಸಿದರೆನ್ನುವುದು ಉತ್ಪ್ರೇಕ್ಷೆ. ಭೇದವಿದ್ದೂ ಬಡವಳು ಸಿರಿವಂತನನ್ನು, ಹೆಂಡತಿ ಗಂಡನನ್ನು ಪ್ರಶ್ನಿಸಬಹುದಾದ ಒಂದು ನೆಲೆಯನ್ನು ನಂಬಿಕೆಯ ಬಲದಿಂದ ಕಟ್ಟಿದರೆನ್ನುವುದು ಯುಕ್ತ.

ಈ ಶರಣಸಾಹಿತ್ಯಕ್ಕೆ ಭಾಷೆಯ ಗಡಿ ಅಡ್ಡಿಯಾಗಲಿಲ್ಲ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ದ್ವಿಪದಿಯಾಗಿ ರಚಿಸಿದ ಬಸವಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡ ಷಟ್ಪದಿಗೆ ತಂದನು. ಎರಡು ನುಡಿಗಳ ನಡುವೆ ಪಾಠ ಹೇಳುವ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ ಸೀಮೆಯ ನಮಗೆ ಇದು ಹೆಮ್ಮೆಯ ವಿಷಯ. ಆದರೆ ನಮ್ಮ ಊರುಗಳ ಅನ್ನಸಂತರ್ಪಣೆಯಲ್ಲಿ ದಾನಿಗಳ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತೇವೆ. ಬೆಳಗಿನಿಂದ ಅಕ್ಕಿ ಆರಿಸಿದ ಹೆಂಗಸರು ಕೊನೆಯ ಪಂಕ್ತಿಗೆ ಕಾಯುತ್ತಾರೆ. ಲಕ್ಕಮ್ಮನನ್ನು ತರಗತಿಯಲ್ಲಿ ಬೋಧಿಸುವ ಉಪಾಧ್ಯಾಯ ಬಂಧುಗಳು ಅಲ್ಪತೃಪ್ತಿಯ ತಾತ್ಪರ್ಯವನ್ನು ಬರೆಯಿಸುವ ಮೊದಲು, ಆ ಪಂಕ್ತಿಯನ್ನು ಕುರಿತು ಮಕ್ಕಳಿಂದ ಒಂದು ಪ್ರಶ್ನೆ ಕೇಳಿಸಲಿ ಎಂಬುದು ನಮ್ಮ ವಿಜ್ಞಾಪನೆ.