ಮಹಾಪೂರದಲ್ಲಿ ಮುಳುಗಿದ ಕಥೆ

ಮೊಹೆಂಜೊದಾರೊ ಎಂಬ ಹೆಸರೇ ಕುತೂಹಲ ಹುಟ್ಟಿಸುವಂಥದು. 1922ರಲ್ಲಿ ರಾಖಾಲದಾಸ ಬ್ಯಾನರ್ಜಿಯವರು ಅಲ್ಲಿ ಉತ್ಖನನಕ್ಕೆ ಕೈಹಾಕಿದಂದಿನಿಂದ ಇಟ್ಟಿಗೆ, ಮುದ್ರೆ, ಮಣಿ, ತೂಕದ ಕಲ್ಲುಗಳು ರಾಶಿರಾಶಿಯಾಗಿ ದೊರೆತಿವೆ. ಆದರೆ ಅಲ್ಲಿ ಬಾಳಿ ಹೋದ ಒಬ್ಬನ ಹೆಸರಾದರೂ ನಮಗೆ ತಿಳಿಯದು. ಅವರ ಲಿಪಿಯನ್ನು ಇನ್ನೂ ಓದಲಾಗಿಲ್ಲ. ಇತಿಹಾಸವು ಮೌನ ತಾಳಿದಲ್ಲಿ ಕಲ್ಪನೆಯು ಮಾತನಾಡಬಹುದು. ಕಥೆಗಾರನಿಗೆ ಇದಕ್ಕಿಂತ ಫಲವತ್ತಾದ ಹೊಲ ಬೇರೆ ಯಾವುದು? ಆಶುತೋಷ ಗೋವಾರಿಕರರು 2016ರ ಆಗಸ್ಟ್ ತಿಂಗಳಲ್ಲಿ ತೆರೆಗೆ ತಂದ ‘ಮೊಹೆಂಜೊ ದಾರೊ’ ಎಂಬ ಹಿಂದೀ ಬೋಲಪಟವನ್ನು ಈ ನಿರೀಕ್ಷೆಯಿಂದಲೇ ನೋಡಿದೆ. ನಿರಾಶೆಯೇ ಪಾಲಿಗೆ ಬಂದಿತು.

ಕಥಾನಕ ಇಷ್ಟು: ಆಮ್ರಿ ಎಂಬ ಹಳ್ಳಿಯಲ್ಲಿ ನೀಲಿ ಬೆಳೆಯುವ ತರುಣ ಸರ್ಮನ್ ಮಹಾನಗರಕ್ಕೆ ಬರುತ್ತಾನೆ, ಅರ್ಚಕರ ಮಗಳು ಚಾನಿಗೆ ಮನಸೋಲುತ್ತಾನೆ, ನಗರದ ಯಜಮಾನ ಮಹಮನ ದ್ವೇಷ ಕಟ್ಟಿಕೊಳ್ಳುತ್ತಾನೆ. ಚಿನ್ನದ ಆಸೆಗೆ ಮಹಮ್ ಸಿಂಧೂ ನದಿಗೆ ಕಟ್ಟಿಸಿದ ಅಣೆಕಟ್ಟು ಕೊನೆಗೆ ಒಡೆದು ನಗರವೇ ಮುಳುಗುತ್ತದೆ.

ಈ ಅಣೆಕಟ್ಟಿನ ಸಂಗತಿಯೇ ನಿಜವಾದ ಕಥೆ. ಯಾರ ಲಾಭಕ್ಕಾಗಿ ನದಿಯನ್ನು ತಡೆದರು? ನೀರು ನುಗ್ಗಿದಾಗ ಮನೆಮಾರು ಕಳೆದುಕೊಂಡವರು ಯಾರು? ಚಿತ್ರವು ಈ ಪ್ರಶ್ನೆಗಳನ್ನು ಎತ್ತುತ್ತದೆ. ಎತ್ತಿದಷ್ಟೇ ಬೇಗ ಕೆಳಗಿಡುತ್ತದೆ. ಅದರ ಶಕ್ತಿಯೆಲ್ಲ ಬೇರೆ ಕಡೆಗೆ ವ್ಯಯವಾಗಿದೆ. ಆರಂಭದಲ್ಲಿಯೇ ನಾಯಕನಿಗೂ ದೈತ್ಯ ಮೊಸಳೆಗೂ ಕಾಳಗ. ನಡುವೆ ಇಬ್ಬರು ನರಭಕ್ಷಕರೊಡನೆ ಅಖಾಡದ ಹೋರಾಟ. ಕಂಪ್ಯೂಟರಿನಲ್ಲಿ ಹುಟ್ಟಿದ ಆ ಮೊಸಳೆ ನಮ್ಮನ್ನು ಅಂಜಿಸುವುದಿಲ್ಲ. ಅದರ ಎದುರಿಗೆ ನಿಂತ ಮನುಷ್ಯನ ಪರಿಚಯವೇ ನಮಗಿನ್ನೂ ಆಗಿಲ್ಲವಲ್ಲ!

ಕೊನೆಯ ಮಹಾಪೂರದ ದೃಶ್ಯವಂತೂ ನಮ್ಮ ಸೀಮೆಯ ಪ್ರೇಕ್ಷಕರಿಗೆ ಸಪ್ಪೆಯಾಗಿ ತೋರಿದರೆ ಆಶ್ಚರ್ಯವಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹೊಳೆಸಾಲಿನವರು 2005ರಲ್ಲಿಯೂ 2019ರಲ್ಲಿಯೂ ಮಹಾಪೂರವನ್ನು ಕಣ್ಣಾರೆ ಕಂಡವರು. ಅಲ್ಲಿ ಕೊಯ್ನಾ ಸೀಮೆಯಲ್ಲಿ ಮಳೆ ಹಿಡಿಯಿತೆಂದರೆ, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ಸ್ ನೀರು ಬಿಟ್ಟರೆಂಬುದೇ ಇಲ್ಲಿ ಮುಂಜಾನೆಯ ಮೊದಲ ಮಾತು. ಕಲ್ಲೋಳ–ಯಡೂರ ಸೇತುವೆಯ ಮೇಲೆ ನೀರು ಬಂದಿತೆ, ಕುಡಚಿ–ಉಗಾರ ರಸ್ತೆ ಇನ್ನೂ ನಡೆದಿದೆಯೆ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಎಮ್ಮೆಗಳ ಕಣ್ಣಿ ಬಿಚ್ಚಬೇಕು. ಜೋಳದ ಚೀಲಗಳನ್ನು ಅಟ್ಟಕ್ಕೇರಿಸಬೇಕು. ಮನೆ ಬಿಟ್ಟು ಬರಲೊಲ್ಲೆನೆನ್ನುವ ಮುದುಕಿಯನ್ನು ಒಲಿಸಬೇಕು. ಪೂರದ ನಾಟಕವೆಲ್ಲ ನೀರು ಏರುವ ಮುಂಚಿನ ಈ ಕಾಯುವಿಕೆಯಲ್ಲಿದೆ. ಚಿತ್ರದಲ್ಲಾದರೋ ನೀರಿನ ಎತ್ತರವಿದೆ, ಗರ್ಜನೆಯಿದೆ, ಕಾಯುವಿಕೆಯಿಲ್ಲ. ದೋಣಿಗಳನ್ನು ಸಾಲಾಗಿ ಬಿಗಿದು ಸೇತುವೆ ಮಾಡಿ ಜನರನ್ನು ದಾಟಿಸುವ ಕಲ್ಪನೆ ಸೊಗಸಾದುದು, ಮೆಚ್ಚಬೇಕಾದುದು. ಆದರೆ ದಾಟುವವರು ಹೆಸರಿಲ್ಲದ ಸಂದಣಿ; ಅವರು ಏನನ್ನು ಬಿಟ್ಟು ಹೊರಟರೆಂಬುದು ನಮಗೆ ತಿಳಿಯದು.

ದಿಗ್ದರ್ಶಕರಿಗೆ ಕಥೆ ಹೇಳಲು ಬಾರದೆಂದಲ್ಲ. 2001ರಲ್ಲಿ ‘ಲಗಾನ್’ ಕೊಟ್ಟವರು ಇವರೇ. ಅಲ್ಲಿ ಇದ್ದುದು ಬಾರದ ಮಳೆ, ತೆರಲಾಗದ ಕಂದಾಯ, ಒಂದು ಆಟ. ಕಮ್ಮಾರ, ಕುಂಬಾರ, ವೈದ್ಯ, ಹೀಗೆ ಆಡಿದ ಒಬ್ಬೊಬ್ಬನ ಮುಖವೂ ನೆನಪಿನಲ್ಲಿ ಉಳಿದಿದೆ. ಮೂರೂವರೆ ತಾಸು ಮೀರಿದರೂ ಅದು ದೀರ್ಘವೆನಿಸಲಿಲ್ಲ. ಎರಡೂವರೆ ತಾಸಿನ ಈ ಚಿತ್ರ ದೀರ್ಘವೆನಿಸುತ್ತದೆ. ಭುಜ್ ಬಳಿ ಎಬ್ಬಿಸಿದ ನಗರವೂ ರಹಮಾನರ ಸಂಗೀತವೂ ಎಷ್ಟೇ ಶ್ರಮಿಸಿದರೂ ಈ ಕೊರತೆ ತುಂಬಿ ಬರಲಿಲ್ಲ.

1926ರಲ್ಲಿ ನಿಜವಾದ ಮೊಹೆಂಜೊದಾರೊದಲ್ಲಿ ದೊರೆತ ಕಂಚಿನ ನರ್ತಕಿಯ ಎತ್ತರ ಕೇವಲ 10.5 ಸೆಂಟಿಮೀಟರು. ಸೊಂಟದ ಮೇಲೆ ಕೈಯಿಟ್ಟು ಗದ್ದವೆತ್ತಿ ನಿಂತ ಆ ಹುಡುಗಿಯ ಬಿಂಕ ಒಮ್ಮೆ ಕಂಡರೆ ಮರೆಯುವಂಥದಲ್ಲ. ಅದನ್ನು ಎರಕ ಹೊಯ್ದವನು ಮೊದಲು ಮನುಷ್ಯರನ್ನು ನೋಡಿದ್ದನು. ಚಿತ್ರ ತೆಗೆಯುವವರೂ ಮೊಸಳೆಗಿಂತ ಮೊದಲು ನೋಡಬೇಕಾದುದು ಅದನ್ನೇ.