ಬೇಚರಾಕ್: ದೀಪವಿಲ್ಲದ ಊರಿನ ಅರ್ಥವಿಚಾರ

ಕಲಬುರಗಿ ಸೀಮೆಯ ಕಂದಾಯ ವ್ಯವಹಾರದಲ್ಲಿ ಜನವಸತಿಯಿಲ್ಲದ ಗ್ರಾಮವನ್ನು ‘ಬೇಚರಾಕ್’ ಎಂದು ಗುರುತಿಸುವ ರೂಢಿಯಿದೆ. ಫಾರಸಿಯ ‘ಬೇ-ಚಿರಾಗ್’ ಇದರ ಮೂಲ. ‘ದೀಪವಿಲ್ಲದ್ದು’ ಎಂಬುದು ಪದಶಃ ಅರ್ಥ. ಇದನ್ನು ‘ಹಾಳೂರು’ ಎಂದು ಕನ್ನಡಿಸಿ ಮುಂದೆ ಸಾಗುವುದುಂಟು. ಈ ಸಮೀಕರಣ ಸರಿಯೆನಿಸದು.

ಹಳಗನ್ನಡದ ‘ಪಾೞ್’ನಿಂದ ಬಂದ ‘ಹಾಳು’ ನಾಶವನ್ನು ಸೂಚಿಸುತ್ತದೆ. ಸ್ಥಳದ ಮೇಲೆ ತೀರ್ಪು ಕೊಡುತ್ತದೆ, ಬೈಗುಳಿನಲ್ಲಿ ಶಾಪವೂ ಆಗುತ್ತದೆ. ‘ಬೇಚರಾಕ್’ ಅಷ್ಟು ದೂರ ಹೋಗುವುದಿಲ್ಲ. ಅಲ್ಲಿ ಸಂಜೆ ದೀಪ ಹಚ್ಚುವವರಿಲ್ಲ ಎಂಬುದಷ್ಟೇ ಅದರ ಸಾಕ್ಷ್ಯ. ಅಂಥ ಊರಿಗೆ ಹೆಸರಿದೆ, ಎಲ್ಲೆಯಿದೆ, ಹೊಲಗಳಿಗೆ ಸರ್ವೆ ನಂಬರಿದೆ. ನೆರೆಯೂರಿನ ರೈತರು ಅಲ್ಲಿ ಉಳುತ್ತಾರೆ. ಜನರು ತೊರೆದದ್ದು ಕ್ಷಾಮದಿಂದಲೋ, ಪಿಡುಗಿನಿಂದಲೋ, ನೀರಿನ ಅಭಾವದಿಂದಲೋ ಪದ ತಿಳಿಸದು. ವಾಸಕ್ಕೆ ಅಯೋಗ್ಯವಾದ ನೆಲ ಎಂಬ ಅರ್ಥ ಅನಂತರ ಆರೋಪಿತವಾದುದು. ನೆರೆಯ ಮರಾಠಿಯಲ್ಲಿ ಇದೇ ಪದ ‘ಬೇಚಿರಾಖ್’ ಆಗಿ, ಬೂದಿ ಎಂಬರ್ಥದ ‘ರಾಖ್’ನ ನೆರಳು ಬಿದ್ದಂತೆ, ಸುಟ್ಟು ನಾಶವಾದುದು ಎಂಬ ಅರ್ಥಕ್ಕೆ ತಿರುಗಿದೆ. ಕನ್ನಡದ ಕಂದಾಯ ಪರಿಭಾಷೆ ಆ ದಾರಿ ಹಿಡಿಯಲಿಲ್ಲ.

ಕಲಬುರಗಿ ನಗರದಲ್ಲಂತೂ ‘ಚಿರಾಗ್’ ಗೌರವದ ಪದ. 1422ರಲ್ಲಿ ನಿಧನರಾದ ಖ್ವಾಜಾ ಬಂದೇನವಾಜರ ಗುರು ನಸೀರುದ್ದೀನರು ‘ಚಿರಾಗ್-ಎ-ದೆಹಲಿ’, ಅಂದರೆ ದೆಹಲಿಯ ದೀಪ, ಎಂದೇ ಪ್ರಸಿದ್ಧರು. ದರ್ಗಾದ ಉರುಸಿನಲ್ಲಿ ದೀಪೋತ್ಸವವೂ ಒಂದು ಮುಖ್ಯ ಆಚರಣೆ. ಇದೇ ಪದ ಕಚೇರಿಯ ಕಡತದಲ್ಲಿ ನಿಷೇಧರೂಪದಲ್ಲಿ ಉಳಿದುಕೊಂಡಿದೆ.

ಪದದ ನಿಜವಾದ ಪರೀಕ್ಷೆ ನಡೆಯುವುದು ತಾಂಡಾಗಳ ಮುಂದೆ. ಕಲಬುರಗಿ ತಾಲ್ಲೂಕಿನಿಂದ ಬೇರ್ಪಟ್ಟು ರಚನೆಯಾದ ಕಮಲಾಪುರ ತಾಲ್ಲೂಕಿನಲ್ಲಿಯೂ ಜಿಲ್ಲೆಯ ಇತರೆಡೆಗಳಲ್ಲಿಯೂ ಲಂಬಾಣಿ ತಾಂಡಾಗಳಿವೆ. ದೀಪವಿಲ್ಲದ ಊರು ಗ್ರಾಮವೆಂದು ಪಟ್ಟಿಯಲ್ಲಿರುವಾಗ, ದಿನವೂ ದೀಪ ಉರಿಯುವ ಅನೇಕ ತಾಂಡಾಗಳು ಗ್ರಾಮವೇ ಆಗಿರಲಿಲ್ಲ. ‘ದಾಖಲೆರಹಿತ ಜನವಸತಿ’ ಎಂಬುದೇ ಅವುಗಳಿಗೆ ಸಂದ ಹೆಸರು. ಒಂದೆಡೆ ಜನರಿಲ್ಲದ ದಾಖಲೆ, ಇನ್ನೊಂದೆಡೆ ದಾಖಲೆಯಿಲ್ಲದ ಜನ. ಮನೆಯ ಹಕ್ಕುಪತ್ರ ಸಿಗದೆ ಉಳಿದವರು ಎರಡನೆಯವರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ಇಂಥ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಯಿತು. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ಬೇಚರಾಕ್ ಗ್ರಾಮಗಳು ತಮ್ಮ ಹಳೆಯ ಹೆಸರುಗಳೊಂದಿಗೆ ಅದೇ ಕಡತಗಳಲ್ಲಿ ಉಳಿದಿವೆ.